ಸುಧಾರಾಣಿ ಅಕ್ಕೋರ ಬಾಕಿ ಒಡಪು

ಮಾವಿನಕಟ್ಟಿಯ ಸರಕಾರಿ ಶಾಲೆಯ ಸುಧಾರಾಣಿ ಅಕ್ಕೋರಿಗೆ ಗಾಲಿಯ ಹುಚ್ಚು ಹಿಡಿದಿದೆ ಎಂಬ ಸುದ್ದಿ ಹುಲಗೂರಿನ ಚಹಾದಂಗಡಿಯವರೆಗೂ ಹೋಗಿತ್ತು. ಈ ಸೀಮೆಯಲ್ಲಿ ಕಲಿಸುವ ಹೆಣ್ಣುಮಗಳನ್ನು ಚಿಕ್ಕವರು ದೊಡ್ಡವರೆಲ್ಲ ಅಕ್ಕೋರು ಎಂದೇ ಕರೆಯುತ್ತಾರೆ. ಅಂಥ ಅಕ್ಕೋರಿಗೂ ಹುಚ್ಚು ಹಿಡಿಯಬಹುದು ಎಂಬುದು ಚಹಾ ಕುಡಿಯುವವರಿಗೆ ಬಹಳ ರುಚಿಸಿತು. ಎಂಥ ಗಾಲಿ, ಬಂಡಿಯದೋ ಬೈಕಿನದೋ ಎಂದು ಬಿಸ್ಕೀಟು ಮುಗಿಯುವವರೆಗೆ ಚರ್ಚೆ ನಡೆಯಿತು.

ಅದು ಎರಡೂ ಅಲ್ಲ, ಇಂಟರ್ನೆಟ್ಟಿನಿಂದ ಇಳಿಸಿಕೊಂಡು ತಂದ ಬಣ್ಣದ ಗಾಲಿ. ಶಾಲೆಯ ಗೋಡೆಗೆ ಬಾಗಿಲಷ್ಟು ಅಗಲದ, ಬೆರಳಿಟ್ಟರೆ ಮಾತು ಕೇಳುವ ಪರದೆಯೊಂದು ಬಂದಿತ್ತು. ಅಕ್ಕೋರು ಗಾಲಿಯ ಹೋಳು ಹೋಳಿನಲ್ಲಿ ಮಕ್ಕಳ ಹೆಸರು ಬರೆದಿಟ್ಟು, ಪಾಠದ ನಡುವೆ ಬೆರಳು ತಾಕಿಸಿದರೆಂದರೆ ಗಾಲಿ ಗರಗರ ತಿರುಗಿ, ಆಮೇಲೆ ಟಿಕ್ ಟಿಕ್ ಎಂದು ತೂಕಡಿಸುತ್ತ ಯಾರದೋ ಹೆಸರಿನ ಮೇಲೆ ನಿಲ್ಲುತ್ತಿತ್ತು. ಹೆಸರು ಬಂದವರು ಉತ್ತರ ಹೇಳಬೇಕು. ಗಾಲಿ ತಿರುಗುವಷ್ಟು ಹೊತ್ತು ನಲಿಕಲಿ ಕೋಣೆಯಲ್ಲಿ ಒಂದು ಉಸಿರೂ ಕೇಳುತ್ತಿರಲಿಲ್ಲ. ನಿಂತ ಮೇಲೆ ಎದ್ದ ಗದ್ದಲಕ್ಕೆ ಮಾಡಿನ ಹಂಚು ಅಲುಗುತ್ತಿತ್ತು. ಬಿಸಿಯೂಟದ ಹೆಣ್ಣುಮಕ್ಕಳು ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದು, ಇವತ್ತು ಯಾರ ಪಾಳಿ ಎಂದು ಬಾಗಿಲಲ್ಲಿ ಇಣುಕುತ್ತಿದ್ದರು.

ಗಾಲಿಯೊಂದೇ ಆಗಿದ್ದರೆ ಪುಣ್ಯ. ಪ್ರಶ್ನೆಗೆ ಪೀಪಿ ಊದುವ ಆಟ, ಚಿತ್ರ ಎಳೆದು ಜೋಡಿಸುವ ಆಟ, ಎಲ್ಲರ ಉತ್ತರವನ್ನೂ ಗುಡ್ಡೆಹಾಕಿ ಹೆಚ್ಚು ಜನ ಹೇಳಿದ ಮಾತನ್ನು ದಪ್ಪಕ್ಷರದಲ್ಲಿ ತೋರಿಸುವ ಇನ್ನೊಂದು ಆಟ, ಹೀಗೆ ಅಕ್ಕೋರು ವಾರಕ್ಕೊಂದು ಹೊಸದು ಹುಡುಕಿ ತರುತ್ತಿದ್ದರು. ಒಮ್ಮೆ ಮಳೆ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಮೋಡ ಎಂದೋ ಸಮುದ್ರ ಎಂದೋ ಬಂದೀತು ಎಂದುಕೊಂಡಿದ್ದರೆ, ಪರದೆಯ ತುಂಬ ಇಷ್ಟು ದಪ್ಪಗೆ ‘ಹಾನಗಲ್’ ಎಂದು ಮೂಡಿತು. ಹಾನಗಲ್ ದಿಕ್ಕಿಗೆ ಕಪ್ಪಾಯಿತು, ಕಾಳು ಒಳಗೆ ತನ್ನಿ ಎಂದು ಮನೆಯಲ್ಲಿ ಹಿರಿಯರು ಅನ್ನುವುದನ್ನು ಕೇಳಿ ಬೆಳೆದ ಮಕ್ಕಳು ಅವು, ತಪ್ಪೇನು? ಅಕ್ಕೋರ ತವರೂರು ಹಾನಗಲ್ಲೇ ಎಂದು ಗೊತ್ತಾದ ಮೇಲಂತೂ ಮಳೆಯನ್ನು ಕಳಿಸುವವರು ಅಕ್ಕೋರ ಅಪ್ಪನೇ ಎಂದು ಒಂದನೇ ತರಗತಿ ತೀರ್ಮಾನ ಮಾಡಿಬಿಟ್ಟಿತು.

ಹೆಡ್ ಮಾಸ್ತರು ಪರಮೇಶ್ವರಪ್ಪನವರು ಒಳ್ಳೆಯವರು, ಆದರೆ ಗಾದೆಯಿಲ್ಲದೆ ಅವರಿಗೆ ಊಟ ಇಳಿಯದು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ ಎಂದು ಪರದೆ ಬಂದ ದಿನ ನಕ್ಕಿದ್ದರು. ತಿಂಗಳುಗಳು ಕಳೆದರೂ ಒಗೆಯುವುದು ನಿಲ್ಲದ್ದನ್ನು ಕಂಡು ಗಾದೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಅಕ್ಕೋರ ಈ ಹುಚ್ಚಿಗೆ ಬೇರು ಬಹಳ ಹಿಂದೆ ಇತ್ತು. ಹಾನಗಲ್ಲಿನ ಶಾಲೆಯಲ್ಲಿ ಸುಧಾರಾಣಿ ಎಂಬ ಹುಡುಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಉತ್ತರ ಗೊತ್ತಿರುತ್ತಿತ್ತು, ನಾಲಿಗೆಯ ತುದಿಯವರೆಗೂ ಬರುತ್ತಿತ್ತು, ಅಲ್ಲಿಂದ ಮುಂದೆ ಬಾಯಿಗೆ ಬೀಗ. ಕೇಳಿದ್ದರೆ ಎಂದಾದರೂ ಒಮ್ಮೆ ಹೇಳುತ್ತಿದ್ದಳೋ ಏನೋ, ಯಾರೂ ಕೇಳಲಿಲ್ಲ. ಮಾಸ್ತರರ ಕಣ್ಣು ಮುಂದಿನ ಸಾಲು ದಾಟುತ್ತಿರಲಿಲ್ಲ. ಒಂದೇ ಒಂದು ಉತ್ತರ ಹೇಳದೆ ಆ ಹುಡುಗಿ ಶಾಲೆ ಮುಗಿಸಿದಳು, ಅಂಕವೇನೋ ಬಂದವು, ಆದರೆ ಆ ನೋವು ಗಂಟಲಲ್ಲಿ ಮುಳ್ಳಿನ ಹಾಗೆ ಉಳಿಯಿತು. ಗಾಲಿಗೆ ಮುಂದಿನ ಸಾಲು, ಹಿಂದಿನ ಸಾಲು ಎಂಬುದಿಲ್ಲ. ಅದಕ್ಕೇ ಗಾಲಿಯೆಂದರೆ ಅವಳಿಗೆ ಪ್ರಾಣ. ಕಂಬದ ಹಿಂದೆ ಅಡಗಿ ಕೂರುತ್ತಿದ್ದ ಲೋಹಿತನೆಂಬ ಪೋರ ಈಗ, ತನ್ನ ಹೆಸರು ಬರಲಿಲ್ಲವೆಂದು ಗಾಲಿಯ ಮೇಲೇ ಮುನಿಸಿಕೊಳ್ಳುವ ಮಟ್ಟಕ್ಕೆ ಬಂದಿದ್ದ.

ಬೀಗ ಇನ್ನೂ ಒಂದು ಕಡೆ ಬಿದ್ದಿತ್ತು. ಈ ನಾಡಿನಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬರಿಗೈಯಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದ ಹೊತ್ತು ಬಂದರೆ ಎರಡು ಸಾಲಿನ ಪ್ರಾಸ ಕಟ್ಟಿ, ಅದರ ನಡುವೆ ಹೆಸರನ್ನು ಇಟ್ಟು ಹೇಳುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆಯಾಗಿ ಶಿಗ್ಗಾವಿಯ ಗಂಡನ ಮನೆಗೆ ಬಂದ ದಿನ ನಾದಿನಿಯರು ಹೊಸಲಿಗೆ ಅಡ್ಡ ನಿಂತು, ಒಡಪು ಹೇಳದೆ ಒಳಗೆ ಬಿಡೆವು ಎಂದು ಪಟ್ಟುಹಿಡಿದರು. ಸುಧಾರಾಣಿ ನಿಂತಳು. ನಿಂತೇ ನಿಂತಳು. ಅತ್ತಿಗೆ ಕಲಿಸಿ ಕಳಿಸಿದ್ದ ಒಡಪು ಹಾನಗಲ್ಲಿನಲ್ಲೇ ಉಳಿದುಹೋಗಿತ್ತು. ಪಕ್ಕದಲ್ಲಿ ಮದುಮಗ ಪ್ರಭು ಬಾಸಿಂಗ ಕಟ್ಟಿಕೊಂಡು ಬಿಸಿಲಲ್ಲಿ ಬೆವರುತ್ತಿದ್ದ. ಕೊನೆಗೆ ಅತ್ತೆ ಸರೋಜವ್ವನೇ, ಆಮೇಲೆ ಹೇಳುತ್ತಾಳೆ ಬಿಡಿ ಎಂದು ಸೊಸೆಯನ್ನು ಒಳಗೆ ಕರೆದುಕೊಂಡಳು. ಆ ‘ಆಮೇಲೆ’ ಬರಲೇ ಇಲ್ಲ. ಗಂಡನನ್ನು ‘ಏನ್ರಿ’ ಎಂದು, ಮಗಳು ಹುಟ್ಟಿದ ಮೇಲೆ ‘ಮಲ್ಲಿಕಾನ ಪಪ್ಪಾ’ ಎಂದು ಕರೆಯುತ್ತ ಸಂಸಾರ ಸಾಗಿತು. ಪ್ರಭು ಮಾತ್ರ, ಪಲ್ಯಕ್ಕೆ ಉಪ್ಪು ಹೆಚ್ಚಾದಾಗಲೂ ಹಬ್ಬಕ್ಕೆ ಸೀರೆ ತಂದಾಗಲೂ, ನನ್ನದೊಂದು ಒಡಪು ಬಾಕಿ ಇದೆ ಎಂದು ನೆನಪು ಮಾಡುವುದನ್ನು ಬಿಡಲಿಲ್ಲ.

ಈಗ ಪರದೆಯ ಸಂಗತಿಗೆ ಬರೋಣ. ಅದು ಶಾಲೆಯ ಸ್ವಂತದ್ದಲ್ಲ. ಶಾಲೆಗಳಿಗೆ ನೆರವಾಗುವ ಸಂಸ್ಥೆಯೊಂದು ಅದನ್ನು ಕೆಲವು ತಿಂಗಳ ಪ್ರಯೋಗಕ್ಕೆಂದು ಕೊಟ್ಟಿತ್ತು. ಅವಧಿ ಮುಗಿದಾಗ ಸಂಸ್ಥೆಯ ಮೃತ್ಯುಂಜಯ ಸರ್ ಬಂದು ತಾಯಂದಿರ ಸಭೆ ನೋಡುತ್ತಾರೆ. ಮಕ್ಕಳು ಕುಣಿದರೆ ಸಾಲದು, ತಾಯಂದಿರೂ ಪರದೆ ಮುಟ್ಟಬೇಕು, ಪ್ರತಿಯೊಬ್ಬ ತಾಯಿಯ ಉತ್ತರವೂ ಅದರ ಮೇಲೆ ಮೂಡಬೇಕು. ಹಾಗಾದರೆ ಪರದೆ ಮಾವಿನಕಟ್ಟಿಗೆ ಕಾಯಂ. ಒಬ್ಬರು ತಪ್ಪಿದರೂ, ಹಿರೇಕೆರೂರು ತಾಲ್ಲೂಕಿನ ಶಾಲೆಯೊಂದು ಬಾಯಿ ತೆರೆದು ಕಾಯುತ್ತಿದೆ, ಅಲ್ಲಿಗೆ ಹೋಗುತ್ತದೆ. ಇದನ್ನು ಕೇಳಿದ ರಾತ್ರಿ ಸುಧಾರಾಣಿಗೆ ರೊಟ್ಟಿ ಸೇರಲಿಲ್ಲ. ಪರದೆ ಹೋದರೆ ಲೋಹಿತ ಮತ್ತೆ ಕಂಬದ ಹಿಂದೆ ಹೋಗುತ್ತಾನೆ ಎಂಬುದೊಂದೇ ಅವಳ ತಲೆಯಲ್ಲಿ ಕೊರೆಯುತ್ತಿತ್ತು.

ಅವಳು ಕೂತು ಒಂದು ಬಳ್ಳಿಯ ಆಟ ಮಾಡಿದಳು. ಪರದೆಯ ಮೇಲೆ ಎಲೆಬಳ್ಳಿ, ಮಗುವಿಗೊಂದು ಬಿಳಿ ಎಲೆ. ತಾಯಿ ಬಂದು ತನ್ನ ಮಗುವಿನ ಎಲೆ ಮುಟ್ಟಿ ಉತ್ತರ ಹೇಳಿದರೆ, ಆಡಿದ ಮಾತು ಅಕ್ಷರವಾಗಿ ಮೂಡುತ್ತದೆ. ಬರೆಯಲು ಬಾರದವರೂ ಹೆದರಬೇಕಿಲ್ಲ. ಉತ್ತರ ಸರಿಯಿದ್ದರೆ ಎಲೆ ಹಸಿರಾಗಿ ಪೀಪಿ ಊದುತ್ತದೆ. ಇನ್ನು ಪ್ರಶ್ನೆ. ಯಾವ ತಾಯಿಯೂ ತಡವರಿಸದಂಥ ಸುಲಭದ ಪ್ರಶ್ನೆ ಬೇಕು ಎಂದು ಹುಡುಕಿ ಹುಡುಕಿ, ಕೊನೆಗೆ ಚಪ್ಪಾಳೆ ತಟ್ಟಿದಳು. ‘ನಿಮ್ಮ ಮಗುವಿನ ಪೂರ್ತಿ ಹೆಸರು ಹೇಳಿ.’ ಹೆತ್ತ ತಾಯಿಗೆ ಇದಕ್ಕಿಂತ ಸುಲಭದ್ದು ಯಾವುದಿದೆ? ಮಗುವಿನ ಹೆಸರು, ಜೊತೆಗೆ ಅಪ್ಪನ ಹೆಸರು, ಎರಡೂ ಕೇಳಿಸಿದರೆ ಎಲೆ ಹಸಿರಾಗುವಂತೆ ಆಟ ಕಟ್ಟಿದಳು. ಹಾಜರಿ ನೋಡಿ ಎಲ್ಲ ಮಕ್ಕಳ ಹೆಸರನ್ನೂ ತುಂಬಿದಳು. ತನ್ನ ಮಗಳು ಮಲ್ಲಿಕಾ ಕೂಡ ಅದೇ ಶಾಲೆಯ ಒಂದನೇ ತರಗತಿ, ಅವಳ ಹೆಸರೂ ಬಳ್ಳಿಗೆ ಹತ್ತಿತು.

ತಾನು ದಿನಾ ಗಂಡನ ಹೆಸರನ್ನು ಸುತ್ತುಹಾಕಿ ನಡೆಯುವವಳೇ ಆಗಿದ್ದೂ ಇದರಲ್ಲಿರುವ ತೊಡಕು ಅವಳಿಗೆ ಹೊಳೆಯಲಿಲ್ಲ. ರೂಢಿ ಎಂಬುದೇ ಹಾಗೆ, ಮೂಗಿನ ಮೇಲಿನ ಕನ್ನಡಕ ಕಣ್ಣಿಗೆ ಕಾಣುವುದಿಲ್ಲ.

ಸಭೆಯ ದಿನ ಜಮಖಾನೆಯ ತುಂಬ ಪೆಟ್ಟಿಗೆಯಿಂದ ತೆಗೆದ ಸೀರೆಗಳು. ಹಿಂದಿನ ಗೋಡೆಗೆ ಮಕ್ಕಳು ಒಬ್ಬರ ಮೇಲೊಬ್ಬರು. ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಕಿಟಕಿಯಾಚೆಯ ಬೇವಿನ ಕಟ್ಟೆಯ ಮೇಲೆ ಮಾತ್ರ, ಆಡಿದ ಮಾತನ್ನು ಅಕ್ಷರ ಮಾಡಲು ಪರದೆಗೆ ಅದು ಬೇಕೇ ಬೇಕು. ಹಾಗಾಗಿ ಶಿಗ್ಗಾವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಪ್ರಭು, ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಕಟ್ಟೆಯ ಮೇಲೆ ನಿಂತು, ತನ್ನ ಫೋನನ್ನು ಎತ್ತಿ ಹಿಡಿದು ಪರದೆಗೆ ನೆಟ್ ಕೊಡುತ್ತಿದ್ದ. ಮೃತ್ಯುಂಜಯ ಸರ್ ಗಾಡಿಯಲ್ಲಿ ಬಂದಿಳಿದರು. ಅವರ ಹಿಂದೆ, ಪರದೆಯನ್ನು ತುಂಬಿ ಒಯ್ಯಲು ಉದ್ದನೆಯ ಖಾಲಿ ಪೆಟ್ಟಿಗೆಯೊಂದು ಗಾಡಿಯಲ್ಲಿ ಕೂತಿತ್ತು. ಅದನ್ನು ಕಂಡು ಸುಧಾರಾಣಿ ಪರದೆಯ ತಂತಿಗಳನ್ನು ಇನ್ನೊಮ್ಮೆ ಒತ್ತಿ ನೋಡಿದಳು.

ಮೊದಲು ಬಂದವಳು ಲೋಹಿತನ ತಾಯಿ ನಿಂಗವ್ವ. ಎಲೆ ಮುಟ್ಟಿದಳು, ಗಂಟಲು ಸರಿಮಾಡಿಕೊಂಡಳು, “ಲೋಹಿತ” ಎಂದಳು. ಎಲೆ ಬಿಳಿಯಾಗಿಯೇ ಉಳಿಯಿತು. ಪೂರ್ತಿ ಹೆಸರು ಎಂದು ಅಕ್ಕೋರು ನೆನಪಿಸಿದರು. ನಿಂಗವ್ವ ಅತ್ತ ಇತ್ತ ನೋಡಿ, “ಲೋಹಿತ, ಲೋಹಿತ ಅವರಪ್ಪ” ಎಂದಳು. ಪರದೆ ಅದನ್ನೇ ಚಾಚೂ ತಪ್ಪದೆ ಬರೆದುಕೊಂಡಿತು. ಜಮಖಾನೆಯ ಮೇಲೆ ಕಿಸಕ್ಕೆಂದ ನಗು. ಎರಡನೆಯವಳು ಬಂದು, ಹೆಸರು ಬೇಕಾದರೆ ಅವರನ್ನೇ ಕೇಳಿ, ಹೊರಗೆ ಬೈಕಿನ ಮೇಲೆ ಕೂತಿದ್ದಾರೆ ಎಂದು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂರನೆಯವಳು ಏಳಲೇ ಇಲ್ಲ.

ಆಗ ಸುಧಾರಾಣಿಗೆ ಮಿಂಚಿನಂತೆ ಹೊಳೆಯಿತು, ತಾನು ಮಾಡಿದ್ದೇನೆಂದು. ತುಂಬಿದ ಸಭೆಯಲ್ಲಿ, ಹೆಡ್ ಮಾಸ್ತರರ ಎದುರು, ಗುರುತಿಲ್ಲದ ಸಾಹೇಬರ ಎದುರು, ಊರಿನ ಹೆಂಗಸರೆಲ್ಲ ಗಂಡನ ಹೆಸರು ಹಿಡಿದು ಕೂಗಬೇಕೆಂದು ಪ್ರಶ್ನೆ ಇಟ್ಟಿದ್ದಳು! ಬದಲಿಸೋಣವೆಂದರೆ ಬಳ್ಳಿಯೆಲ್ಲ ಅದೇ ಪ್ರಶ್ನೆಗೆ ಕಟ್ಟಿದ್ದು. ಮೃತ್ಯುಂಜಯ ಸರ್ ಮೆತ್ತಗೆ ಕೈಗಡಿಯಾರ ನೋಡಿದರು. ಪರಮೇಶ್ವರಪ್ಪನವರ ಬಾಯಿಗೆ ಗಾದೆಯೊಂದು ಬಂದು, ಅಕ್ಕೋರ ಮುಖ ನೋಡಿ ಹಿಂದಕ್ಕೆ ಹೋಯಿತು.

ಎದ್ದವಳು ಮರಿಯಮಬಿ. ಸವಣೂರಿನ ವೀಳ್ಯದೆಲೆ ತೋಟದ ಮನೆಯ ಮಗಳು, ಮಾವಿನಕಟ್ಟಿಯ ಸೊಸೆ, ಎರಡನೇ ತರಗತಿಯ ವಸೀಮನ ತಾಯಿ. ಬಂದಾಗಿನಿಂದ ಅವಳು ಆ ಬಳ್ಳಿಯನ್ನೇ ನೋಡುತ್ತಿದ್ದಳು.

“ಅಕ್ಕೋರ, ಒಡಪು ಹಾಕಿ ಹೇಳಿದ್ರ ನಿಮ್ಮ ಪರದಿ ತಗೋತೈತೇನ್ರಿ?”

“ನನಗೂ ಗೊತ್ತಿಲ್ರಿ. ಹೇಳಿ ನೋಡೂಣು ಬರ್ರಿ.”

ಮರಿಯಮಬಿ ವಸೀಮನ ಎಲೆಯ ಮೇಲೆ ಬೆರಳಿಟ್ಟು, ಮದುವೆಮನೆಯಲ್ಲಿ ಹೇಳುವಂತೆ ರಾಗ ಎಳೆದಳು.

“ಸವಣೂರ ಎಲಿಗೆ ಬೇಕು ಅಡಕಿ ಹೋಳು,
ವಸೀಮನ ಅಪ್ಪ ಜಮಾಲಸಾಬರಿದ್ರ ಸಕ್ಕರಿ ನನ್ನ ಬಾಳು.”

ಅಕ್ಷರಗಳು ಒಂದೊಂದಾಗಿ ಮೂಡಿದವು. ಪರದೆಗೆ ಬೇಕಾದ ಎರಡು ಹೆಸರೂ ಅದರೊಳಗಿದ್ದವು. ಎಲೆ ಪಟ್ಟನೆ ಹಸಿರಾಯಿತು, ಪೀಪಿ ಊದಿತು. ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ನೋಡಿ, ಕಟ್ಟೆ ಒಡೆದ ಕೆರೆ. ನಿಂಗವ್ವ ಎರಡೇ ಹೆಜ್ಜೆಗೆ ಪರದೆಯ ಮುಂದಿದ್ದಳು.

“ಹಿತ್ತಲದಾಗ ಹಬ್ಬೈತಿ ಹೀರೀಕಾಯಿ ಬಳ್ಳಿ,
ಲೋಹಿತನ ಅಪ್ಪ ಚನ್ನಬಸಪ್ಪ ತರ್ತಾರ ಸರಪಳಿ.”

ಆ ಬಂಗಾರದ ಸರಪಳಿ ಯಾವ ಸುಗ್ಗಿಗೆ ಬರುತ್ತದೆ ಎಂದು ಹಿಂದಿನಿಂದ ಯಾರೋ ಕೇಳಿದರು. ಹೆಸರು ಪರದೆಯ ಮೇಲೆ ಬಿತ್ತಲ್ಲ, ಇನ್ನು ತಪ್ಪಿಸಿಕೊಳ್ಳಲಿ ನೋಡುತ್ತೇನೆ ಎಂದು ನಿಂಗವ್ವ ಸೊಂಟಕ್ಕೆ ಕೈಯಿಟ್ಟಳು. ಆಮೇಲೆ ಜಮಖಾನೆಯ ಮೇಲೆ ಕೂತವರು ಯಾರೂ ಉಳಿಯಲಿಲ್ಲ. ಸಾಲಿನಲ್ಲಿ ನಿಂತವರು ತುಟಿಯೊಳಗೇ ಪ್ರಾಸ ಹೊಂದಿಸುತ್ತಿದ್ದರು. ಎಂದೂ ಸಭೆಯಲ್ಲಿ ತುಟಿ ಬಿಚ್ಚದ ಎಳೆಯ ತಾಯಿಯೊಬ್ಬಳು ಬಂದು ಮಗಳ ಎಲೆ ಮುಟ್ಟಿದಳು.

“ಶಿಗ್ಗಾವಿ ಸಂತ್ಯಾಗ ಇಟಗೊಂಡೇನಿ ಹಸರ ಬಳಿ,
ಭಾಗ್ಯಶ್ರೀ ಅಪ್ಪ ಈರಣ್ಣ ಮನ್ಯಾಗಿದ್ರ ನನಗೆಲ್ಲಿ ಚಳಿ?”

ಹೆಂಗಸರು ಒಬ್ಬರ ಹೆಗಲಿಗೊಬ್ಬರು ಬಿದ್ದು ನಕ್ಕರು. ಪರಮೇಶ್ವರಪ್ಪನವರು ಮಾಡಿನ ಫ್ಯಾನು ಎಷ್ಟು ಚೆನ್ನಾಗಿ ತಿರುಗುತ್ತದೆ ಎಂದು ಆವತ್ತೇ ಮೊದಲು ಗಮನಿಸಿದವರಂತೆ ಮೇಲೆ ನೋಡತೊಡಗಿದರು. ಹೊರಗೆ ಬೈಕುಗಳ ಮೇಲಿದ್ದ ಗಂಡಂದಿರು ತಮ್ಮ ತಮ್ಮ ಹೆಸರು ಬಂದಾಗಲೆಲ್ಲ ಕಿಟಕಿಗೆ ಜೋತುಬಿದ್ದರು. ಹೇಳಿ ಮುಗಿಸಿದವರು ಇನ್ನೊಂದು ಬಲ್ಲೆ, ಇನ್ನೊಂದು ಎಲೆ ಕೊಡಿ ಎಂದು ಅಕ್ಕೋರ ಸೆರಗು ಜಗ್ಗಿದರು. ಸುಧಾರಾಣಿಯ ಕಾಲು ನೆಲದ ಮೇಲೆ ಇರಲಿಲ್ಲ. ಇಷ್ಟು ಮಂದಿ ಉತ್ತರ ಹೇಳಲು ನೂಕಾಡುವುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ, ಸಂತೋಷಕ್ಕೆ ಕಣ್ಣು ಮಂಜಾಗಿ ಬಳ್ಳಿಯೆಲ್ಲ ಒಂದೇ ಹಸಿರಾಗಿ ಕಂಡಿತು.

ಒಂದೇ ಹಸಿರಾಗಿರಲಿಲ್ಲ. ತುದಿಯಲ್ಲಿ ಒಂದು ಎಲೆ ಬಿಳಿಯಾಗಿ ಉಳಿದಿತ್ತು. ಯಾರದೆಂದು ಮೃತ್ಯುಂಜಯ ಸರ್ ಬಗ್ಗಿ ಓದಿದರು. ಮಲ್ಲಿಕಾ, ಒಂದನೇ ತರಗತಿ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಅಂಬಲಿಯಲ್ಲಿ ಬಿತ್ತು ಎಂಬುದು ಇದಕ್ಕೇ. ತಾನು ಕಲಿಸುವವಳು, ತನ್ನದನ್ನು ಬಿಡಬಹುದು ಎಂದು ಸುಧಾರಾಣಿ ತೊದಲಿದಳು. ಮೃತ್ಯುಂಜಯ ಸರ್ ನಿಯಮದ ಮನುಷ್ಯ. ಅಕ್ಕೋರೂ ಒಬ್ಬ ತಾಯಿಯೇ, ಎಲ್ಲ ಎಲೆಯೂ ಹಸಿರಾಗಬೇಕು ಎಂದರು. ತಾಯಂದಿರಂತೂ, ನಮ್ಮ ಬಾಯಿ ಬಿಡಿಸಿದವರು ತಾವು ಬಾಯಿ ಮುಚ್ಚಿಕೊಂಡರೆ ನಡೆಯದು ಎಂದು ಸುತ್ತುಗಟ್ಟಿದರು. ಸುಧಾರಾಣಿ ಎಲೆಯ ಮೇಲೆ ಬೆರಳಿಟ್ಟಳು. ಹಾನಗಲ್ಲಿನ ಹಿಂದಿನ ಸಾಲು ಕಣ್ಣ ಮುಂದೆ ಬಂತು. ಹೊಸಲು ಬಂತು, ಬಿಸಿಲು ಬಂತು. ಹೊರಗೆ ಗಾಡಿಯಲ್ಲಿ ಉದ್ದನೆಯ ಪೆಟ್ಟಿಗೆ ಕಾಯುತ್ತಿತ್ತು.

ಅಷ್ಟರಲ್ಲಿ ಹಿಂದಿನ ಗೋಡೆಯಿಂದ ಒಂದು ದನಿ ಬಂತು. ಕಂಬದ ಹಿಂದಿನ ಹಳೆಯ ಗಿರಾಕಿ ಲೋಹಿತ. ತಾನು ಉತ್ತರ ಬಾರದೆ ನಿಂತಾಗಲೆಲ್ಲ ಅಕ್ಕೋರು ಹೇಳುತ್ತಿದ್ದ ಮಾತನ್ನೇ ಅವನು ಅಕ್ಕೋರಿಗೆ ತಿರುಗಿಸಿ ಕೊಟ್ಟ.

“ತಪ್ಪಾದ್ರ ಗಾಲಿ ಬಯ್ಯಂಗಿಲ್ರಿ ಅಕ್ಕೋರ. ಹೇಳ್ರಿ.”

ಸುಧಾರಾಣಿ ಕಿಟಕಿಯ ಕಡೆ ನೋಡಿದಳು. ಕಟ್ಟೆಯ ಮೇಲೆ ಪ್ರಭು, ಎತ್ತಿದ ಕೈ ಇಳಿಸದೆ, ಬೆವರುತ್ತ, ಮದುವೆಯ ದಿನ ನಿಂತ ಹಾಗೆಯೇ ನಿಂತಿದ್ದ. ಆ ಮುಖ ನೋಡಿದ ಕೂಡಲೇ ಎಲ್ಲಿತ್ತೋ, ಒಡಪು ತಾನಾಗಿ ನಾಲಿಗೆಗೆ ಇಳಿಯಿತು.

“ಬೆರಳ ಮುಟ್ಟಿದ್ರ ತಿರಗತೈತಿ ಬಣ್ಣದ ಗಾಲಿ,
ಮಲ್ಲಿಕಾನ ಪಪ್ಪಾ ಪ್ರಭುರಾಯರಿಲ್ಲಂದ್ರ ನನ್ನ ಪರದಿ ಖಾಲಿ.”

ಮೊದಲ ಸಾಲು ಪರದೆಯ ಮೇಲೆ ಮೂಡಿತು. ಎರಡನೆಯ ಸಾಲು ಬರಬೇಕು ಎನ್ನುವಷ್ಟರಲ್ಲಿ ನಡುವೆ ಸಣ್ಣ ಉಂಗುರವೊಂದು ಕಾಣಿಸಿಕೊಂಡು ಸುಮ್ಮನೆ ಸುತ್ತತೊಡಗಿತು. ಎಲ್ಲರ ಮುಖ ಕಿಟಕಿಗೆ ತಿರುಗಿತು. ಪ್ರಭುವಿನ ಕೈ ಕೆಳಗಿಳಿದಿತ್ತು, ಬಾಯಿ ತೆರೆದಿತ್ತು. ನೆಟ್ ಹೋಯಿತು, ಇನ್ನೊಮ್ಮೆ ಹೇಳಬೇಕಾಗುತ್ತದೆ ಎಂದು ಹೇಳಿದ.

ಸುಧಾರಾಣಿ ಇನ್ನೊಮ್ಮೆ ಹೇಳಿದಳು, ಈ ಸಲ ಹೆದರದೆ. ‘ಪ್ರಭುರಾಯ’ ಎಂಬಲ್ಲಿಗೆ ಬರುತ್ತಲೇ ಮತ್ತೆ ಅದೇ ಉಂಗುರ. ಪ್ರಭು ಪೆಚ್ಚು ಮುಖದಿಂದ ಫೋನನ್ನು ತಟ್ಟಿ ನೋಡಿ, ಬೇವಿನ ಟೊಂಗೆಯ ಮೇಲೆ ತಪ್ಪು ಹೊರಿಸಿದ. ಮೂರನೆಯ ಸಲ ಅವಳೊಬ್ಬಳೇ ಹೇಳಲಿಲ್ಲ. ತಾಯಂದಿರಿಗೆ ಅಷ್ಟರಲ್ಲಿ ಒಡಪು ಬಾಯಿಪಾಠವಾಗಿತ್ತು, ಮಕ್ಕಳಿಗೆ ಅದಕ್ಕೂ ಮೊದಲೇ ಆಗಿತ್ತು. ಇಡೀ ಕೋಣೆ ಒಂದೇ ದನಿಯಲ್ಲಿ ಪ್ರಭುರಾಯನ ಹೆಸರು ಕೂಗಿತು. ಎಲೆ ಹಸಿರಾಯಿತು. ಪೀಪಿ ಊದಿತೋ ಇಲ್ಲವೋ ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಮೃತ್ಯುಂಜಯ ಸರ್ ಪರದೆಯ ಕಾಗದಕ್ಕೆ ಅಲ್ಲೇ ಸಹಿ ಹಾಕಿ ಹೆಡ್ ಮಾಸ್ತರರ ಕೈಗೆ ಕೊಟ್ಟರು. ಹೊರಡುವಾಗ ಹೆಂಗಸರು ಅವರನ್ನೂ ಬಿಡಲಿಲ್ಲ, ಹೆಂಡತಿಯ ಹೆಸರಿಗೊಂದು ಒಡಪು ಎಂದು ಗಾಡಿಯವರೆಗೂ ಕಾಡಿದರು. ಮನೆಯಲ್ಲಿ ಕಲಿತುಬರುತ್ತೇನೆ ಎಂದು ಕೈಮುಗಿದು ಅವರು ಗಾಡಿ ಹತ್ತಿದರು. ಪೆಟ್ಟಿಗೆ ಖಾಲಿಯೇ ಮರಳಿತು.

ಸಂಜೆ ಬೈಕಿನಲ್ಲಿ ಶಿಗ್ಗಾವಿಗೆ ಹೊರಟರು. ಮಲ್ಲಿಕಾ ಮುಂದೆ, ಸುಧಾರಾಣಿ ಹಿಂದೆ. ಊರು ದಾಟಿದ ಮೇಲೆ ಸುಧಾರಾಣಿ, ನೆಟ್ ನಿಜವಾಗಿಯೂ ಹೋಗಿತ್ತೇ ಎಂದು ಕೇಳಿದಳು. ಪ್ರಭು ಬೈಕಿನ ವೇಗ ಇಳಿಸಿದ.

“ಮೊದಲನೇ ಸಲ ಕೈ ಇಳದು ನೆಟ್ ಖರೇನ ಹೋತು. ಎರಡನೇ ಸಲ ನಾನ ಬಂದ್ ಮಾಡಿದೆ.”

“ಪರದಿ ಹೋಗಿದ್ರ ಏನ್ ಮಾಡ್ತಿದ್ರಿ?”

“ಹೊಸಲಿ ಮುಂದ ನಿಂತಾಗಿಂದ ಕಾದೇನಿ. ಒಂದ ಸಲಕ್ಕ ಬಿಡ್ಲೇನು?”

ಅವಳು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಆ ಬೆನ್ನಿಗೇ ಕೆನ್ನೆ ಆನಿಸಿ ನಕ್ಕಳು. ಮುಂದೆ ಕೂತ ಮಲ್ಲಿಕಾ ದಾರಿಯುದ್ದಕ್ಕೂ ಅದೇ ಒಡಪನ್ನು ಹಾಡಿಕೊಂಡು ಬಂದಳು. ಮನೆಯ ಓಣಿಗೆ ಬಂದರೂ ನಿಲ್ಲಿಸಲಿಲ್ಲ.

ಒಳಗಿದ್ದ ಸರೋಜವ್ವ ಮೊಮ್ಮಗಳ ಹಾಡು ಕೇಳಿ ಹೊರಗೆ ಬಂದಳು. ಎಲ್ಲಿ ಕಲಿತೆ, ಯಾರು ಹೇಳಿದರು ಎಂದು ಮಗುವನ್ನು ಕೇಳಿದಳು. ಮಲ್ಲಿಕಾ ಅವ್ವನ ಕಡೆ ಬೆರಳು ತೋರಿಸಿದಳು. ಮುದುಕಿ ಸೊಸೆಯನ್ನು ನೋಡಿದಳು, ಮಗನನ್ನು ನೋಡಿದಳು. ಆಮೇಲೆ ಎರಡೂ ಕೈ ಚಾಚಿ, ಬಾಗಿಲ ಚೌಕಟ್ಟಿನ ಎರಡೂ ಬದಿ ಹಿಡಿದು, ಹೊಸಲಿಗೆ ಅಡ್ಡ ನಿಂತಳು.

“ಊರೆಲ್ಲ ಕೇಳೈತಿ. ನಾ ಇನ್ನೂ ಕೇಳಿಲ್ಲ.”

ಸುಧಾರಾಣಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಗಂಡನ ಪಕ್ಕಕ್ಕೆ ಬಂದು ನಿಂತಳು.